ಕೂರಬಾರದಲ್ಲಿ ಕೂತ ಸುಣ್ಣ



ನಾನು ಪೆಥಾಲಜಿಯವನು. ನಮ್ಮ ಹತ್ತಿರ ರೋಗಿ ಬರುವುದಿಲ್ಲ, ರೋಗಿಯ ತುಣುಕು ಬರುತ್ತದೆ. ಅದನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಎಂಬ ಯಂತ್ರಕ್ಕೆ ಕೊಟ್ಟು, 3-4 ಮೈಕ್ರಾನಿನಷ್ಟು ತೆಳ್ಳಗೆ ಹೆರೆಯುತ್ತೇವೆ. ಹೆರೆದದ್ದು ರಿಬ್ಬನ್ನಿನ ಹಾಗೆ ಒಂದಕ್ಕೊಂದು ಅಂಟಿಕೊಂಡು ಬರುತ್ತದೆ. ನೋಡಲು ಚೆಂದ. ಆದರೆ ಒಮ್ಮೊಮ್ಮೆ ಬ್ಲೇಡು 'ಕರ್ರ್' ಎನ್ನುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕಾಗ ಹಲ್ಲಿಗೆ ಏನಾಗುತ್ತದೋ ಅದೇ. ರಿಬ್ಬನ್ ಸೀಳುತ್ತದೆ, ಬ್ಲೇಡಿಗೆ ಹಲ್ಲು ಬೀಳುತ್ತದೆ. ಟೆಕ್ನಿಷಿಯನ್ ತಲೆಯೆತ್ತದೆಯೇ "ಸಾರ್, ಸುಣ್ಣ" ಎನ್ನುತ್ತಾರೆ. ಮೂವತ್ತೈದು ವರ್ಷ ಆ ಸದ್ದು ಕೇಳಿದವನು ನಾನು. ಇವತ್ತು ಅದರ ಬಗ್ಗೆಯೇ ಮಾತು.

ಈ ವಿಷಯವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಅತ್ತಿಗೆಗೆ ಬಲಭುಜ ಹಿಡಿದುಕೊಂಡಿತು. ಎಕ್ಸ್‌ರೇ ತೆಗೆಸಿದರು. ತೋಳಿನ ಮೂಳೆಯ ತಲೆಯ ಮೇಲೆ, ಮೂಳೆ ಇರಬಾರದ ಜಾಗದಲ್ಲಿ, ಕಡಲೆಕಾಳಿನಷ್ಟು ಬಿಳಿ ಚುಕ್ಕೆ. "ಕ್ಯಾಲ್ಸಿಯಂ ಕೂತಿದೆಯಂತೆ" ಎಂದು ನನಗೆ ಫೋನ್ ಮಾಡಿದರು. ಮರುಕ್ಷಣವೇ ಬಂದ ಪ್ರಶ್ನೆ: "ಹಾಗಾದ್ರೆ ಮುದ್ದೆ ಬಿಡಬೇಕಾ?"

ಪ್ರಶ್ನೆ ಮೂರ್ಖತನದ್ದಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಕ್ಯಾಲ್ಸಿಯಂ ತಿಂದೆ, ಕ್ಯಾಲ್ಸಿಯಂ ಕೂತಿತು ಎಂಬ ತರ್ಕ ಸಹಜವಾದದ್ದೇ. ಸಹಜವಾಗಿ ತಪ್ಪಾದದ್ದು ಕೂಡ. ಮೈಯಲ್ಲಿ ಸುಣ್ಣ ಎಲ್ಲೋ ಕೂತಿತು ಎಂಬುದು ನನಗೆ ಈಗ ಆಶ್ಚರ್ಯವೆನಿಸುವುದಿಲ್ಲ. ಎಲ್ಲ ಕಡೆ ಯಾಕೆ ಕೂರುವುದಿಲ್ಲ ಎಂಬುದೇ ಆಶ್ಚರ್ಯ.

ವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲಿನಲ್ಲಿ. ರಕ್ತವೂ ಸೇರಿದಂತೆ ಜೀವಕೋಶಗಳ ಹೊರಗಿನ ದ್ರವದಲ್ಲಿ ಇರುವುದೆಲ್ಲ ಒಟ್ಟು ಮಾಡಿದರೂ ಒಂದು ಗ್ರಾಮಿನ ಆಸುಪಾಸು. ರಕ್ತದಲ್ಲಿ 100 ಮಿಲಿಲೀಟರಿಗೆ ಎಂಟೂವರೆಯಿಂದ ಹತ್ತೂವರೆ ಮಿಲಿಗ್ರಾಂ. ನೀವು ಮುದ್ದೆ ತಿಂದರೂ ಉಪವಾಸ ಇದ್ದರೂ ಈ ಅಂಕಿ ಹೆಚ್ಚು ಅಲುಗುವುದಿಲ್ಲ. ಕುತ್ತಿಗೆಯಲ್ಲಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು, ವಿಟಮಿನ್ ಡಿ, ಮೂತ್ರಪಿಂಡ ಸೇರಿ ಅದನ್ನು ಬಿಗಿಯಾಗಿ ಹಿಡಿದಿಟ್ಟಿವೆ. ಊಟದಲ್ಲಿ ಬರದಿದ್ದರೆ ಮೂಳೆಯಿಂದ ಕೀಳುತ್ತವೆ, ಅಷ್ಟೇ. ಮುದ್ದೆ ಬಿಟ್ಟರೆ ಭುಜದ ಸುಣ್ಣ ಕರಗುವುದಿಲ್ಲ, ಸೊಂಟದ ಮೂಳೆ ತೆಳ್ಳಗಾದೀತು.

ಈಗ ಕೌತುಕದ ಸಂಗತಿ. ನಮ್ಮ ರಕ್ತದಲ್ಲಿ ಇರುವಷ್ಟೇ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಬರೀ ನೀರಿಗೆ ಹಾಕಿ, ಅದರಲ್ಲಿ ಮೂಳೆಯ ಖನಿಜದ ಒಂದು ಹರಳು ಬಿಟ್ಟರೆ, ಹರಳು ಬೆಳೆಯತೊಡಗುತ್ತದೆ. ಎಂದರೆ ನಮ್ಮ ಮೈಯ ದ್ರವ ಹೈಡ್ರಾಕ್ಸಿಅಪಟೈಟ್ ಎಂಬ ಆ ಖನಿಜದ ಮಟ್ಟಿಗೆ ಯಾವಾಗಲೂ ತುಂಬಿ ತುಳುಕುವ ಸ್ಥಿತಿಯಲ್ಲೇ ಇದೆ. ಪಾಕ ಹದಕ್ಕೆ ಬಂದ ಬೆಲ್ಲವನ್ನು ನೆನೆಸಿಕೊಳ್ಳಿ: ಒಂದು ಸೌಟು ತಿರುವಿದರೆ ಗಟ್ಟಿಯಾಗಲು ಸಿದ್ಧ. ಎಪ್ಪತ್ತು ಎಂಬತ್ತು ವರ್ಷ ಆ ಹದದಲ್ಲೇ ನಿಂತೂ ಗಟ್ಟಿಯಾಗದಿರುವುದು ಹೇಗೆ?

ಉತ್ತರದ ಒಂದು ತುದಿ ಬಚ್ಚಲುಮನೆಯಲ್ಲಿದೆ. ಬೋರ್‌ವೆಲ್ ನೀರಿನ ಊರಿನಲ್ಲಿ ಇರುವವರಿಗೆ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಗಾರೆ ಗೊತ್ತು. ನಮ್ಮ ಅಜ್ಜಿಯ ಕಾಲದ ಹಂಡೆಯ ಒಳಗೂ ಅದೇ ಇತ್ತು. ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು, ಹುಳಿಗೆ ಸುಣ್ಣ ಬಿಡುತ್ತದೆಂದು. ಪಾಶ್ಚಾತ್ಯ ದೇಶಗಳ ಕಾರ್ಖಾನೆಗಳು ಈ ಗಾರೆಗೆ ಬೇರೆ ಮದ್ದು ಕಂಡುಕೊಂಡಿದ್ದವು. ನೀರಿಗೆ ಒಂದಿಷ್ಟು ಪಾಲಿಫಾಸ್ಫೇಟ್ ಬೆರೆಸಿದರೆ ಕೊಳವೆಯಲ್ಲಿ ಹರಳು ಕಟ್ಟುವುದಿಲ್ಲ. ಬಟ್ಟೆ ಸೋಪಿನಲ್ಲೂ ಅದು ಬಂತು. ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಎಂಬ ವೈದ್ಯ, ಕೊಳವೆಗೆ ಮಾಡುವ ಈ ಉಪಾಯವನ್ನು ದೇಹವೂ ಮಾಡುತ್ತಿದೆಯೇ ಎಂದು ಹುಡುಕಿ, 1962ರಲ್ಲಿ ಮನುಷ್ಯರ ಮೂತ್ರದಿಂದ ಪೈರೋಫಾಸ್ಫೇಟನ್ನು ಬೇರ್ಪಡಿಸಿ ತೋರಿಸಿದರು. ಎರಡು ಫಾಸ್ಫೇಟುಗಳು ಒಂದು ಆಮ್ಲಜನಕದ ಕೊಂಡಿಯಿಂದ ಜೋಡಿಕೊಂಡ ಪುಟ್ಟ ಅಣು ಅದು. ಹರಳಿನ ಮೈಗೆ ಅಂಟಿಕೊಂಡು, ಮುಂದೆ ಬೆಳೆಯಲು ಬಿಡುವುದಿಲ್ಲ.

ಹಾಗಾದರೆ ಅದನ್ನೇ ಮಾತ್ರೆ ಮಾಡಿ ಕೊಡಬಾರದೇ? ಕೊಟ್ಟು ನೋಡಿದರು. ಬಾಯಿಯ ಮೂಲಕ ಕೊಟ್ಟರೆ ಕರುಳಿನಲ್ಲೇ ಮುರಿದುಹೋಗುತ್ತದೆ. ಆಗ ಮುರಿಯದ ಹಾಗೆ, ಆಮ್ಲಜನಕದ ಕೊಂಡಿಯ ಜಾಗದಲ್ಲಿ ಇಂಗಾಲ ಇಟ್ಟ ತಮ್ಮಂದಿರನ್ನು ಹುಡುಕಿದರು. ಇವತ್ತು ಮೂಳೆ ಸವೆತಕ್ಕೆ ನಿಮ್ಮ ಮನೆಯ ಹಿರಿಯರು ವಾರಕ್ಕೊಂದು ನುಂಗಿ, ಅರ್ಧ ಗಂಟೆ ಮಲಗದೆ ಕೂರುವ ಮಾತ್ರೆ ಇದೆಯಲ್ಲ, ಅದು ಇದೇ ವಂಶದ್ದು. ಹುಟ್ಟಿದ್ದು ಸುಣ್ಣ ಕೂರದಿರಲೆಂದು, ಹೆಸರು ಮಾಡಿದ್ದು ಮೂಳೆ ಉಳಿಸಿ. 1969ರಲ್ಲಿ ಮೊದಲು ಕೊಟ್ಟವರ ಉದ್ದೇಶ, ಸ್ನಾಯುಗಳೇ ಮೂಳೆಯಾಗಿಬಿಡುವ ಒಂದು ಘೋರ ಕಾಯಿಲೆಯನ್ನು ತಡೆಯುವುದಾಗಿತ್ತು. ಆ ಮೊದಲ ಔಷಧದಲ್ಲಿ ಒಂದು ತೊಡಕಿತ್ತು. ತಪ್ಪು ಜಾಗದ ಸುಣ್ಣ ನಿಲ್ಲಿಸುವಷ್ಟು ಪ್ರಮಾಣ ಕೊಟ್ಟರೆ ಸರಿಯಾದ ಜಾಗದ ಸುಣ್ಣವೂ ನಿಲ್ಲುತ್ತಿತ್ತು, ಮೂಳೆ ಮೆತ್ತಗಾಗುತ್ತಿತ್ತು. ಔಷಧಕ್ಕೆ ಜಾಗದ ವಿವೇಕವಿಲ್ಲ. ದೇಹಕ್ಕೆ ಇದೆ. ಆ ವಿವೇಕ ಎಲ್ಲಿ ಅಡಗಿದೆ ಎಂಬುದೇ ಮುಂದಿನ ಐವತ್ತು ವರ್ಷದ ಸಂಶೋಧನೆ.

ಹಾಲನ್ನು ನೋಡಿ. ಅದರಲ್ಲಿ ರಕ್ತದ ಹತ್ತು ಪಟ್ಟಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಫಾಸ್ಫೇಟೂ ಧಾರಾಳ. ಆದರೂ ಹಸುವಿನ ಕೆಚ್ಚಲು ಕಲ್ಲಾಗುವುದಿಲ್ಲ. ಕೇಸಿನ್ ಎಂಬ ಪ್ರೊಟೀನು ಆ ಖನಿಜವನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ತೇಲಿಬಿಟ್ಟಿದೆ. ಹಾಲು ಬೆಳ್ಳಗಿರುವುದರಲ್ಲಿ ಆ ಪೊಟ್ಟಣಗಳ ಪಾಲು ದೊಡ್ಡದು. ರಕ್ತದಲ್ಲಿ ಇದೇ ಕೆಲಸಕ್ಕೆ ಯಕೃತ್ತು ಫೆಟುಯಿನ್-ಎ ಎಂಬ ಪ್ರೊಟೀನನ್ನು ಕಳಿಸುತ್ತದೆ. ಅದನ್ನು ಹುಟ್ಟಿನಿಂದಲೇ ಇಲ್ಲದಂತೆ ಮಾಡಿದ ಇಲಿಗಳ ಮೆದು ಅಂಗಗಳಲ್ಲೆಲ್ಲ ಸುಣ್ಣ ಕೂತದ್ದನ್ನು 2003ರಲ್ಲಿ ಜರ್ಮನ್ ಸಂಶೋಧಕರು ತೋರಿಸಿದರು. ಅದಕ್ಕೂ ಮೊದಲು, 1997ರಲ್ಲಿ, ಇನ್ನೊಂದು ಪ್ರಯೋಗ ಇನ್ನೂ ಭೀಕರವಾದದ್ದು. ರಕ್ತನಾಳದ ಗೋಡೆಯಲ್ಲೇ ಇರುವ ಮೇಟ್ರಿಕ್ಸ್ ಗ್ಲಾ ಪ್ರೊಟೀನ್ ಎಂಬ ಕಾವಲುಗಾರನನ್ನು ತೆಗೆದ ಇಲಿಗಳು ಎರಡು ತಿಂಗಳೊಳಗೆ ಸತ್ತವು. ಮಹಾಪಧಮನಿ ಕೊಳವೆಯಂತೆ ಗಡುಸಾಗಿ ಒಡೆದಿತ್ತು. ಆ ಇಲಿಗಳಿಗೆ ಯಾರೂ ಹೆಚ್ಚಿಗೆ ಕ್ಯಾಲ್ಸಿಯಂ ತಿನ್ನಿಸಿರಲಿಲ್ಲ.

ಈ ಕೊನೆಯ ಪ್ರೊಟೀನು ಕೆಲಸ ಮಾಡಬೇಕಾದರೆ ವಿಟಮಿನ್ ಕೆ ಬೇಕು. ಸಭೆಯಲ್ಲಿ ಕೃತಕ ಹೃದಯ ಕವಾಟ ಹಾಕಿಸಿಕೊಂಡವರು ಯಾರಾದರೂ ಇರಬಹುದು. ಅವರು ತೆಗೆದುಕೊಳ್ಳುವ ರಕ್ತ ತೆಳುವಾಗಿಸುವ ಮಾತ್ರೆ ವಿಟಮಿನ್ ಕೆಯ ಕೆಲಸ ತಡೆಯುವಂಥದ್ದು. ಹಾಗಾಗಿ ಸುಣ್ಣದ ಪ್ರಶ್ನೆ ಅಲ್ಲಿ ಏಳುತ್ತದೆ, ನಿಜ. ಆದರೆ ನನ್ನ ಮಾತು ಕೇಳಿ ಮನೆಗೆ ಹೋಗಿ ಮಾತ್ರೆ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಅಪಾಯ. ಇದನ್ನು ಮುದ್ರಿತ ಪ್ರತಿಯಲ್ಲೂ ಇರಿಸಬೇಕೆಂದು ಪ್ರಕಾಶಕರನ್ನು ಕೇಳಿಕೊಂಡಿದ್ದೇನೆ.

ಕಾವಲು ಎರಡು ಬಗೆಯಲ್ಲಿ ಸೋಲುತ್ತದೆ. ಒಂದರಲ್ಲಿ ರಕ್ತದ ಅಂಕಿಗಳೆಲ್ಲ ಸರಿ, ಜಾಗ ಸತ್ತಿರುತ್ತದೆ. ಸತ್ತ ಅಂಗಾಂಶಕ್ಕೆ ಸುಣ್ಣ ಬಂದು ಕೂರುತ್ತದೆ. ನಮ್ಮ ದೇಶದಲ್ಲಿ ಇದರ ಪಾಠಪುಸ್ತಕ ಕ್ಷಯ. ಚಿಕ್ಕಂದಿನಲ್ಲಿ ಎಂದೋ ತಗುಲಿ, ಗೊತ್ತೇ ಆಗದೆ ಅಡಗಿದ ಕ್ಷಯದ ಗಂಟು ಶ್ವಾಸಕೋಶದಲ್ಲಿ ಸುಣ್ಣಗಟ್ಟಿ ಉಳಿದಿರುತ್ತದೆ. ಐವತ್ತನೆಯ ವಯಸ್ಸಿನಲ್ಲಿ ಬೇರಾವುದಕ್ಕೋ ಎಕ್ಸ್‌ರೇ ತೆಗೆಸಿದಾಗ ವರದಿಯಲ್ಲಿ 'ಕ್ಯಾಲ್ಸಿಫೈಡ್ ಗ್ರ್ಯಾನ್ಯುಲೋಮ' ಎಂದು ಬರುತ್ತದೆ. ಮನೆಮಂದಿ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ. ಸಾಮಾನ್ಯವಾಗಿ ಅದು ಹಳೆಯ ಯುದ್ಧದ ವೀರಗಲ್ಲು, ಅಷ್ಟೆ.

ಮಿದುಳಿನ ಮಾತು ಅಷ್ಟು ಸರಳವಲ್ಲ. ಹಂದಿಯ ಲಾಡಿಹುಳುವಿನ ಮರಿ ಮಿದುಳಿನಲ್ಲಿ ಸತ್ತು ಸುಣ್ಣಗಟ್ಟಿದ ಚುಕ್ಕೆ ಭಾರತದಲ್ಲಿ ಫಿಟ್ಸ್ ಬರಲು ಒಂದು ಮುಖ್ಯ ಕಾರಣ. ಬೆಂಗಳೂರಿನ ನಿಮ್ಹಾನ್ಸ್‌ಗೆ ಬರುವ ನರರೋಗಿಗಳಲ್ಲಿ ಇಂಥವರು ಹೊಸಬರಲ್ಲ. 1980ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬಂದ ಹೊಸದರಲ್ಲಿ ಫಿಟ್ಸ್ ಬಂದವರ ಮಿದುಳಿನಲ್ಲಿ ಒಂಟಿ ಉಂಗುರದಂಥ ಗುರುತು ಕಂಡರೆ ಕ್ಷಯ ಎಂದುಕೊಂಡು ತಿಂಗಳುಗಟ್ಟಲೆ ಔಷಧ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ ಮತ್ತು ವೇದಾಂತಂ ರಾಜಶೇಖರ್ ತುಣುಕು ತೆಗೆದು ನೋಡಿದಾಗ ಬಹಳಷ್ಟರಲ್ಲಿ ಸಿಕ್ಕಿದ್ದು ಹುಳುವಿನ ಮರಿ. ಪೆಥಾಲಜಿಯವನಾಗಿ ನನಗೆ ಹೆಮ್ಮೆಯ ಪ್ರಸಂಗ ಅದು. ಸ್ಕ್ಯಾನಿನ ನೆರಳಿಗಿಂತ ಗಾಜಿನ ಮೇಲಿನ ತುಣುಕು ನಿಜ ಹೇಳಿತು. "ನಾವು ಹಂದಿ ಮಾಂಸ ಮುಟ್ಟುವವರಲ್ಲ, ನಮಗೆ ಹೇಗೆ?" ಎಂದು ಕೇಳುತ್ತಾರೆ. ಮಾಂಸದಿಂದ ಬರುವುದು ಕರುಳಿನ ಹುಳು. ಮಿದುಳಿಗೆ ಹೋಗುವುದು ಮೊಟ್ಟೆಯೊಡೆದು ಬಂದ ಮರಿ, ಆ ಮೊಟ್ಟೆ ಹುಳುವಿದ್ದವರ ಮಲದಿಂದ ಕೊಳೆಯಾದ ಕೈ, ನೀರು, ಹಸಿ ಸೊಪ್ಪಿನ ಮೂಲಕ ಬರುತ್ತದೆ. ಸೊಪ್ಪಿಗೆ ಜಾತಿಯಿಲ್ಲ.

ಇನ್ನೊಂದು ಬಗೆಯಲ್ಲಿ ಅಂಗಾಂಶ ಚೆನ್ನಾಗಿದೆ, ರಕ್ತವೇ ಕೆಟ್ಟಿದೆ. ಜರ್ಮನಿಯ ರುಡಾಲ್ಫ್ ವಿರ್ಕೋ 1855ರಲ್ಲೇ ಇದಕ್ಕೆ 'ಸುಣ್ಣದ ವಲಸೆ' ಎಂಬರ್ಥದ ಹೆಸರಿಟ್ಟಿದ್ದ. ಅಲ್ಲೊಂದು ಸೊಗಸಾದ ಸುಳಿವಿದೆ. ವಲಸೆ ಬಂದ ಸುಣ್ಣ ಎಲ್ಲೆಂದರಲ್ಲಿ ಇಳಿಯುವುದಿಲ್ಲ. ಶ್ವಾಸಕೋಶ, ಜಠರ, ಮೂತ್ರಪಿಂಡಗಳನ್ನು ಹುಡುಕಿಕೊಂಡು ಹೋಗುತ್ತದೆ. ಮೂರೂ ಆಮ್ಲವನ್ನು ಹೊರಹಾಕುವ ಅಂಗಗಳು. ಹುಳಿ ಹೊರಗೆ ಹೋದರೆ ಒಳಗೆ ಉಳಿಯುವುದು ಕ್ಷಾರ. ಹುಳಿಗೆ ಸುಣ್ಣ ಬಿಡುತ್ತದೆ, ಕ್ಷಾರದಲ್ಲಿ ಕೂರುತ್ತದೆ. ಅಜ್ಜಿಯ ಹಂಡೆಯ ರಸಾಯನಶಾಸ್ತ್ರವೇ.

ಇವತ್ತು ಈ ಬಗೆಯನ್ನು ನಾವು ಹೆಚ್ಚಾಗಿ ಕಾಣುವುದು ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ. ಅಲ್ಲಿ ಮುಖ್ಯ ಅಪರಾಧಿ ಕ್ಯಾಲ್ಸಿಯಮ್ಮಿಗಿಂತ ಫಾಸ್ಫೇಟು. ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು. ಹೆಚ್ಚಿದ ಫಾಸ್ಫೇಟಿನಲ್ಲಿ ರಕ್ತನಾಳದ ಗೋಡೆಯ ಸ್ನಾಯುಕೋಶಗಳು ತಮ್ಮ ಕಸುಬು ಬಿಟ್ಟು ಮೂಳೆ ಕಟ್ಟುವ ಕೋಶಗಳ ಕಸುಬು ಹಿಡಿಯುತ್ತವೆ. ನಾನು ವಿದ್ಯಾರ್ಥಿಯಾಗಿದ್ದಾಗ 'ವಯಸ್ಸಾದಂತೆ ನಾಳಗಳಲ್ಲಿ ಸುಣ್ಣ ತುಂಬುತ್ತದೆ' ಎಂದಷ್ಟೇ ಕಲಿಸುತ್ತಿದ್ದರು, ಕೊಳವೆಗೆ ತುಕ್ಕು ಹಿಡಿದ ಹಾಗೆ. ಅದು ತುಕ್ಕಲ್ಲ, ಕಟ್ಟಡದ ಕೆಲಸ. ಬೇಡದ ನಿವೇಶನದಲ್ಲಿ ನಡೆಯುವ ಕಟ್ಟಡದ ಕೆಲಸ.

ಈಗ ನಮ್ಮದೇ ನೆಲದ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡರೆ ಕ್ಷಮಿಸಿ.

ಪಾವಗಡ, ಬಾಗೇಪಲ್ಲಿ, ಮುಂಡರಗಿ, ಕೊಪ್ಪಳ, ರಾಯಚೂರು ಕಡೆಯವರು ಇಲ್ಲಿದ್ದರೆ ಅವರಿಗೆ ಫ್ಲೋರೈಡ್ ಎಂಬ ಪದ ವಿವರಿಸಬೇಕಿಲ್ಲ. ಹಲ್ಲಿನ ಮೇಲಿನ ಕಂದು ಪಟ್ಟೆಯನ್ನು ಎಲ್ಲರೂ ನೋಡಿದ್ದೀರಿ. ಹಲ್ಲು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಸುದ್ದಿಯಾಗುತ್ತದೆ. ಒಳಗಿನದು ಕಾಣುವುದಿಲ್ಲ. ವರ್ಷಗಟ್ಟಲೆ ಅಂಥ ನೀರು ಕುಡಿದವರ ಮುಂಗೈಯ ಎಕ್ಸ್‌ರೇ ತೆಗೆದರೆ, ಎರಡು ಮೂಳೆಗಳ ನಡುವೆ ಹಾಸಿರುವ ತೆಳು ಪೊರೆ ಮುಳ್ಳುಮುಳ್ಳಾಗಿ ಸುಣ್ಣಗಟ್ಟಿರುವುದು ಕಾಣುತ್ತದೆ. ಆ ಚಿತ್ರ ಒಮ್ಮೆ ನೋಡಿದವರು ಮರೆಯುವುದಿಲ್ಲ. ಸೊಂಟದ ಕಟ್ಟುಗಳು, ಬೆನ್ನುಹುರಿಯ ಹಿಂದೆ ಮುಂದೆ ಹಬ್ಬಿರುವ ಕಟ್ಟುಗಳು ಹೀಗೆಯೇ ಗಡುಸಾಗುತ್ತವೆ. ಹುರಿಯನ್ನು ಅದುಮಿದರೆ ಕಾಲು ಸೋಲುತ್ತದೆ. ಅಷ್ಟು ದೂರ ಹೋಗುವ ಮೊದಲೇ ಪತ್ತೆ ಮಾಡಲು ಯಂತ್ರ ಬೇಡ: ನಿಂತಲ್ಲೇ ಬಗ್ಗಿ ಕಾಲ್ಬೆರಳು ಮುಟ್ಟಿ, ಗದ್ದವನ್ನು ಎದೆಗೆ ತಾಗಿಸಿ, ಎರಡೂ ಕೈ ತಲೆಯ ಹಿಂದಕ್ಕೆ ಕೊಂಡೊಯ್ಯಿರಿ. ಗದ್ದೆ ಹೊಲ ಮಾಡುವ ನಲವತ್ತರ ಮನುಷ್ಯನಿಗೆ ಇದು ಆಗದಿದ್ದರೆ ಮೊದಲು ಆ ಊರಿನ ನೀರು ಪರೀಕ್ಷಿಸಬೇಕು.

ಭಾರತದಲ್ಲಿ ಇದನ್ನು ಮೊದಲು ವಿವರವಾಗಿ ದಾಖಲಿಸಿದ್ದು 1937ರಲ್ಲಿ, ನೆರೆಯ ನೆಲ್ಲೂರು ಜಿಲ್ಲೆಯ ಹಳ್ಳಿಗಳಿಂದ. ಮದರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ ಆ ವರದಿ ಬರೆದವರು. ಆ ಪಂಡಿತರೇ ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ನಿರ್ದೇಶಕರಾದ ಸಿ.ಜಿ. ಪಂಡಿತ್. ಆಗ ಜನ ಕುಡಿಯುತ್ತಿದ್ದುದು ಬಾವಿಯ ನೀರು. ಆಮೇಲೆ ನಾವು ಬೋರ್‌ವೆಲ್ ಕೊರೆದೆವು, ನೂರಾರು ಅಡಿ, ಬೆಣಚು ಮತ್ತು ಗ್ರಾನೈಟಿನ ಬಿರುಕುಗಳ ತನಕ. ಅಲ್ಲಿ ಕಲ್ಲಿನ ಜೊತೆ ಬಹುಕಾಲ ಮಲಗಿದ್ದ ನೀರನ್ನು ಎಬ್ಬಿಸಿ ಕೊಡಕ್ಕೆ ತುಂಬಿದೆವು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಲಿ, ಬೇರೆ ದಾರಿಯೇ ಇಲ್ಲದಿದ್ದರೆ 1.5 ಮೀರದಿರಲಿ ಎನ್ನುತ್ತದೆ ಭಾರತೀಯ ಮಾನಕ.

ಅತ್ತಿಗೆಯ ತರ್ಕ ತಲೆಕೆಳಗಾಗುವುದು ಇಲ್ಲೇ. ಕ್ಯಾಲ್ಸಿಯಮ್ಮಿಗೆ ಫ್ಲೋರೈಡ್ ಸಿಕ್ಕರೆ ಎರಡೂ ಸೇರಿ ಕರಗದ ಪುಡಿಯಾಗಿ ತಳಕ್ಕಿಳಿಯುತ್ತವೆ. ಹಾಗಾಗಿ ನೆಲದಡಿಯ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಹೆಚ್ಚು ನಿಲ್ಲಲಾರದು. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬನೇಟು ಹೆಚ್ಚು ಇರುವ ನೀರಿನಲ್ಲೇ ಅದು ಏರುತ್ತದೆ. ಕರುಳಿನಲ್ಲೂ ಅದೇ ಕತೆ: ಊಟದ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದು ಒಂದಿಷ್ಟನ್ನು ಹೊರಗೆ ಸಾಗಿಸುತ್ತದೆ. ಕ್ಯಾಲ್ಸಿಯಂ ಕಡಿಮೆ ತಿನ್ನುವ ಬಡವರಲ್ಲಿ, ಮಕ್ಕಳಲ್ಲಿ, ಬಸುರಿ ಬಾಣಂತಿಯರಲ್ಲಿ ರೋಗ ಉಲ್ಬಣಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ಇನ್ನೂ ವಿಚಿತ್ರವಾದ ಸಂಗತಿ ಬರೆದರು. ಫ್ಲೋರೈಡ್ ಪ್ರದೇಶದ ಹರೆಯದವರಲ್ಲಿ ಮೊಣಕಾಲು ಒಳಕ್ಕೆ ಬಾಗಿತ್ತು, ಬೆನ್ನುಮೂಳೆ ದಟ್ಟವಾಗಿತ್ತು, ಕೈಕಾಲಿನ ಮೂಳೆ ಮಾತ್ರ ಟೊಳ್ಳಾಗಿತ್ತು. ಒಂದೇ ದೇಹದಲ್ಲಿ ಒಂದು ಕಡೆ ಸುಣ್ಣದ ಅತಿ, ಇನ್ನೊಂದು ಕಡೆ ಬರ. ಅಂಥವರಿಗೆ 'ಮೈಯಲ್ಲಿ ಕ್ಯಾಲ್ಸಿಯಂ ಜಾಸ್ತಿಯಾಗಿದೆ, ಹಾಲು ರಾಗಿ ಬಿಡಿ' ಎಂದು ಯಾರಾದರೂ ಹೇಳಿದರೆ ಅದು ಅಜ್ಞಾನ ಮಾತ್ರವಲ್ಲ, ಕ್ರೌರ್ಯ.

ಪರಿಹಾರ ಗೊತ್ತಿಲ್ಲದೆ ಇದು ಉಳಿದಿಲ್ಲ. ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಕದಡಿ ತಿಳಿ ತೆಗೆಯುವ ನಲ್ಗೊಂಡ ವಿಧಾನವನ್ನು 1970ರ ದಶಕದಲ್ಲೇ ನಾಗಪುರದ ನೀರಿ ಸಂಸ್ಥೆ ರೂಪಿಸಿತ್ತು. ಈಗ ಊರೂರಿಗೆ ನಾಣ್ಯ ಹಾಕಿದರೆ ನೀರು ಬರುವ ಘಟಕಗಳು ಬಂದಿವೆ. ನಾನು ಕಂಡ ಮಟ್ಟಿಗೆ ಆ ನೀರು ಕುಡಿಯಲಿಕ್ಕೆ ಮಾತ್ರ. ಅನ್ನ, ಸಾರು, ಟೀ ಕುದಿಯುವುದು ಬೋರಿನ ನೀರಿನಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆ. ಕೆರೆ ತುಂಬಿದರೆ, ಮಳೆನೀರು ಹಿಡಿದರೆ ಈ ತಾಪತ್ರಯವೇ ಇರುವುದಿಲ್ಲ. ಇದನ್ನು ಹೇಳಲು ಪೆಥಾಲಜಿಸ್ಟ್ ಬೇಕಿಲ್ಲ, ನಿಜ.

ನಮ್ಮ ಕಸುಬಿನ ಎರಡು ಗುಟ್ಟು ಬಿಚ್ಚಿ ಮುಗಿಸುತ್ತೇನೆ. ತುಣುಕಿನಲ್ಲಿ ಸುಣ್ಣ ತೋರಿಸಲು ನಾವು ಫಾನ್ ಕೊಸ್ಸ ಎಂಬ ಬಣ್ಣ ಬಳಸುತ್ತೇವೆ. 1901ರದ್ದು, ಬೆಳ್ಳಿಯ ಲವಣ, ಕಪ್ಪಗೆ ಮೂಡುತ್ತದೆ. ಎಲ್ಲರೂ ಅದನ್ನು ಕ್ಯಾಲ್ಸಿಯಮ್ಮಿನ ಬಣ್ಣ ಎನ್ನುತ್ತೇವೆ. ವಾಸ್ತವದಲ್ಲಿ ಅದು ಹಿಡಿಯುವುದು ಜೊತೆಗಿರುವ ಫಾಸ್ಫೇಟನ್ನು! ಇನ್ನೊಂದು, ಸ್ತನದ ತುಣುಕಿನದು. ಮ್ಯಾಮೊಗ್ರಾಮಿನಲ್ಲಿ ಕಾಣುವ ಉಪ್ಪಿನ ಹರಳಿನಂಥ ಸಣ್ಣ ಬಿಳಿ ಚುಕ್ಕೆಗಳು ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು. ಬರ್ಲಿನಿನ ಆಲ್ಬರ್ಟ್ ಸಾಲೊಮನ್ 1913ರಲ್ಲೇ ಶಸ್ತ್ರಕ್ರಿಯೆಯಲ್ಲಿ ತೆಗೆದ ಸ್ತನಗಳ ಎಕ್ಸ್‌ರೇಯಲ್ಲಿ ಅವನ್ನು ಕಂಡಿದ್ದ. ಎಲ್ಲ ಚುಕ್ಕೆಯೂ ಕ್ಯಾನ್ಸರಲ್ಲ. ಅರಳಿದ ಜೋಳದಂಥ ದಪ್ಪ ಸುಣ್ಣ ನಿರುಪದ್ರವಿ ಗಂಟಿನದು. ಒಮ್ಮೆ ರೇಡಿಯಾಲಜಿಯವರು ಮತ್ತೆ ಮತ್ತೆ ಫೋನ್ ಮಾಡಿ "ನಮ್ಮ ಚಿತ್ರದಲ್ಲಿ ಸುಣ್ಣ ಇದೆ, ನಿಮ್ಮ ಸ್ಲೈಡಿನಲ್ಲಿ ಯಾಕಿಲ್ಲ?" ಎಂದು ಕೇಳುತ್ತಿದ್ದರು. ನಾಲ್ಕು ಸಲ ಹೆರೆದರೂ ಕಾಣದು. ಕೊನೆಗೆ ಸೂಕ್ಷ್ಮದರ್ಶಕಕ್ಕೆ ಪೋಲರೈಸಿಂಗ್ ಗಾಜು ಹಾಕಿದೆ. ಕತ್ತಲಲ್ಲಿ ನಕ್ಷತ್ರ ಹೊಳೆದ ಹಾಗೆ ಹರಳುಗಳು. ಫಾಸ್ಫೇಟಲ್ಲ, ಆಕ್ಸಲೇಟು, ಅದು ನಮ್ಮ ದಿನನಿತ್ಯದ ಬಣ್ಣಕ್ಕೆ ಸಿಗುವುದೇ ಇಲ್ಲ. ಆ ಬಗೆಯದು ಬಹುಪಾಲು ಕೇಡಿಲ್ಲದ್ದು.

ಅತ್ತಿಗೆಯ ಭುಜ ಬಾಕಿ ಇದೆ. ಆರು ತಿಂಗಳು ಸಣ್ಣಗೆ ಕಾಡಿದ್ದು ಒಂದು ರಾತ್ರಿ ಬೆಂಕಿಯಾಯಿತು. ಕೈ ಎತ್ತಲಾಗದೆ ಅಳುತ್ತಿದ್ದರು. ಸುಣ್ಣ ಹೆಚ್ಚಾಗಿರಬೇಕು ಎಂದು ಎಲ್ಲರ ಊಹೆ. ವಾಸ್ತವ ಉಲ್ಟಾ. ಸ್ನಾಯುರಜ್ಜುವಿನಲ್ಲಿ ಸುಣ್ಣ ಕೂರುವಾಗ ಅಷ್ಟು ನೋವಿಲ್ಲ. ದೇಹ ಅದನ್ನು ಕರಗಿಸಲು ಹೊರಟಾಗ, ಹೊಸ ರಕ್ತನಾಳ ನುಗ್ಗಿ, ಕಸ ತಿನ್ನುವ ಕೋಶಗಳು ಮುತ್ತಿ, ಸೀಮೆಸುಣ್ಣದಂತಿದ್ದದ್ದು ಟೂತ್‌ಪೇಸ್ಟಿನಂತಾದಾಗ, ಆಗ ಈ ಯಾತನೆ. ಮೂರು ತಿಂಗಳ ನಂತರದ ಎಕ್ಸ್‌ರೇಯಲ್ಲಿ ಚುಕ್ಕೆ ಇರಲಿಲ್ಲ. ಭುಜದಲ್ಲಿ ಇಷ್ಟು ಚೊಕ್ಕವಾಗಿ ಗುಡಿಸುವ ದೇಹ ಹೃದಯದ ಕವಾಟದಲ್ಲಿ, ಮಹಾಪಧಮನಿಯಲ್ಲಿ ಯಾಕೆ ಕೈಚೆಲ್ಲುತ್ತದೆ? ಈ ಪ್ರಶ್ನೆಗೆ ಉತ್ತರ ಸಿಕ್ಕ ದಿನ ಹೃದ್ರೋಗದ ಪುಸ್ತಕ ಹೊಸದಾಗಿ ಬರೆಯಬೇಕಾದೀತು.

ಅತ್ತಿಗೆಗೆ ಆ ಪ್ರಶ್ನೆ ಇಲ್ಲ. ನಾನು ಎಷ್ಟು ಹೇಳಿದರೂ ಕೇಳದೆ ಅವರು ಆ ಒಂಬತ್ತು ತಿಂಗಳು ಮುದ್ದೆ ಬಿಟ್ಟಿದ್ದರು. ಬಿಟ್ಟದ್ದಕ್ಕೇ ವಾಸಿಯಾಯಿತು ಎಂದು ಇವತ್ತಿಗೂ ವಾದಿಸುತ್ತಾರೆ. ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ಪ್ರಶ್ನೋತ್ತರದಲ್ಲಿ ಮೊದಲು ಕೈ ಎತ್ತುವವರು ಅವರೇ ಇರಬೇಕು. ಬಲಗೈಯನ್ನೇ ಎತ್ತಲಿ ಎಂದು ಕೋರುತ್ತೇನೆ.